ಅಣುಬಾಂಬ್ ವಿರುದ್ಧ ಕ್ಯಾಥೊಲಿಕ್ ಸನ್ಯಾಸಿನಿಯರು: ಏನಿದು ಹೋರಾಟ? ಭಾರತದ ಕಾನ್ವೆಂಟ್‌ಗಳಿಗೂ ಇದಕ್ಕೂ ಏನು ನಂಟು?

ನಾಸಿಕ್ ಎಂದರೆ ನಮಗೆ ನೆನಪಾಗುವುದು ದ್ರಾಕ್ಷಿ, ಈರುಳ್ಳಿ, ಕುಂಭಮೇಳ. ಆದರೆ ಅದು ಸೇನೆಯ ಊರು ಕೂಡ ಹೌದು. ಪಕ್ಕದ ದೇವಳಾಲಿಯಲ್ಲಿ ಫಿರಂಗಿ ದಳದ ತರಬೇತಿ ಶಾಲೆಯಿದೆ. ಓಝರ್‌ನ ಎಚ್‌ಎಎಲ್ ಕಾರ್ಖಾನೆಯಲ್ಲಿ ಮಿಗ್‌ನಿಂದ ಹಿಡಿದು ಸುಖೋಯ್‌ವರೆಗೆ ಯುದ್ಧವಿಮಾನಗಳು ತಯಾರಾಗಿವೆ. ಅದೇ ನಾಸಿಕ್‌ನಲ್ಲಿ 1987ರಿಂದ ಕ್ಯಾಥೊಲಿಕ್ ಧರ್ಮಪ್ರಾಂತ್ಯವಿದೆ. ಛತ್ರಪತಿ ಸಂಭಾಜಿನಗರದಲ್ಲಿ, ಅಂದರೆ ಹಿಂದಿನ ಔರಂಗಾಬಾದ್‌ನಲ್ಲಿ, ಅದಕ್ಕೂ ಹತ್ತು ವರ್ಷ ಮೊದಲೇ ಇನ್ನೊಂದು ಧರ್ಮಪ್ರಾಂತ್ಯ ಸ್ಥಾಪನೆಯಾಗಿತ್ತು.

ಇಲ್ಲಿನ ಧರ್ಮಭಗಿನಿಯರು ಎಂದರೆ ಜನರಿಗೆ ಶಾಲೆ, ದವಾಖಾನೆ, ಹಾಸ್ಟೆಲ್ ನೆನಪಾಗುತ್ತದೆ. ಅಣ್ವಸ್ತ್ರಕ್ಕೂ ಅವರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಈ ಸನ್ಯಾಸಿನಿ ಸಭೆಗಳಲ್ಲಿ ಹಲವು ಅಂತಾರಾಷ್ಟ್ರೀಯ ಸಂಸ್ಥೆಗಳು. 'ನ್ಯಾಯ ಮತ್ತು ಶಾಂತಿ' ಕೆಲಸಕ್ಕೆಂದೇ ಅವುಗಳಲ್ಲಿ ಪ್ರತ್ಯೇಕ ವಿಭಾಗವಿರುತ್ತದೆ. ಕೆಲವಕ್ಕೆ ವಿಶ್ವಸಂಸ್ಥೆಯಲ್ಲಿ ಪ್ರತಿನಿಧಿಗಳೂ ಇದ್ದಾರೆ. ನಿಶ್ಶಸ್ತ್ರೀಕರಣದ ಮಾತು ಹಳ್ಳಿಯ ಕಾನ್ವೆಂಟ್‌ವರೆಗೂ ಬರುವುದು ಈ ದಾರಿಯಲ್ಲೇ.

ಹಿರೋಶಿಮಾದಲ್ಲಿದ್ದ ಪಾದ್ರಿ

1945ರ ಆಗಸ್ಟ್ 6ರಂದು ಹಿರೋಶಿಮಾ ಮೇಲೆ ಬಾಂಬ್ ಬಿದ್ದಾಗ, ನಗರದ ಹೊರವಲಯದ ನಗತ್ಸುಕ ಎಂಬಲ್ಲಿ ಪೆದ್ರೊ ಅರುಪೆ ಎಂಬ ಸ್ಪೇನ್ ಮೂಲದ ಜೆಸ್ವಿಟ್ ಪಾದ್ರಿ ಇದ್ದರು. ಸನ್ಯಾಸಕ್ಕೆ ಮೊದಲು ವೈದ್ಯಕೀಯ ಓದಿದ್ದವರು. ತಮ್ಮ ಮಠವನ್ನೇ ಆಸ್ಪತ್ರೆ ಮಾಡಿ ಸುಮಾರು 150 ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟರು. ಮುಂದೆ 1965ರಲ್ಲಿ ಇದೇ ಅರುಪೆ ಇಡೀ ಜೆಸ್ವಿಟ್ ಸಭೆಯ ಮುಖ್ಯಸ್ಥರಾದರು. ಮಂಗಳೂರಿನ ಸಂತ ಅಲೋಶಿಯಸ್ ನಡೆಸುತ್ತಿರುವುದೂ ಇದೇ ಸಭೆ.

ಮೂರು ದಿನಗಳ ನಂತರ ನಾಗಸಾಕಿ ಮೇಲೆ ಬಿದ್ದ ಬಾಂಬ್, ಜಪಾನಿನ ಅತಿ ದೊಡ್ಡ ಕ್ಯಾಥೊಲಿಕ್ ಸಮುದಾಯವಿದ್ದ ಉರಕಾಮಿಯನ್ನೇ ಸುಟ್ಟುಹಾಕಿತು. ಅಲ್ಲಿನ ದೊಡ್ಡ ಚರ್ಚ್ ನೆಲಸಮವಾಯಿತು.

82ನೇ ವಯಸ್ಸಿನಲ್ಲಿ ಬೇಲಿ ದಾಟಿದ ಸಿಸ್ಟರ್

ಈ ಹೋರಾಟದಲ್ಲಿ ಹೆಚ್ಚು ಸುದ್ದಿಯಾದವರು ಅಮೆರಿಕದ ಸಿಸ್ಟರ್ ಮೇಗನ್ ರೈಸ್. ದಶಕಗಳ ಕಾಲ ಪಶ್ಚಿಮ ಆಫ್ರಿಕಾದಲ್ಲಿ ಪಾಠ ಹೇಳಿದ್ದ ಅವರು 2012ರ ಜುಲೈನಲ್ಲಿ, 82ನೇ ವಯಸ್ಸಿನಲ್ಲಿ, ಇಬ್ಬರು ಸಂಗಾತಿಗಳೊಂದಿಗೆ ಟೆನೆಸಿಯ ಓಕ್ ರಿಡ್ಜ್‌ನಲ್ಲಿರುವ ವೈ-12 ಅಣು ಕೇಂದ್ರದ ಬೇಲಿ ಕತ್ತರಿಸಿ ಒಳಹೊಕ್ಕರು. ಅದು ಬಾಂಬಿಗೆ ಬೇಕಾದ ಯುರೇನಿಯಂ ಇಡುವ ಜಾಗ! ಗೋಡೆ ಮೇಲೆ ಶಾಂತಿಯ ಘೋಷಣೆ ಬರೆದು, ಹಿಡಿಯಲು ಬಂದ ಕಾವಲುಗಾರನಿಗೆ ಬ್ರೆಡ್ ಕೊಡಲು ಹೋದರು. ಅಷ್ಟು ಬಿಗಿ ಭದ್ರತೆಯನ್ನು ಅಜ್ಜಿಯೊಬ್ಬರು ದಾಟಿದ್ದು ಅಮೆರಿಕ ಸರ್ಕಾರಕ್ಕೆ ಭಾರೀ ಮುಜುಗರ ತಂದಿತು.

2014ರಲ್ಲಿ ಅವರಿಗೆ 35 ತಿಂಗಳ ಜೈಲು ಶಿಕ್ಷೆಯಾಯಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯ ವಿಧ್ವಂಸಕ ಕೃತ್ಯದ ಆರೋಪವನ್ನು ತಳ್ಳಿಹಾಕಿದ್ದರಿಂದ ಬಿಡುಗಡೆಯಾದರು. 2021ರಲ್ಲಿ ನಿಧನರಾದರು.

ಪೋಪ್ ನಿಲುವು ಬದಲಾದದ್ದು ಹೇಗೆ?

ಚರ್ಚ್ ಮೊದಲಿನಿಂದಲೂ ಇಷ್ಟು ಕಟುವಾಗಿರಲಿಲ್ಲ. ಶತ್ರುವನ್ನು ತಡೆಯಲು ಬಾಂಬ್ ಇಟ್ಟುಕೊಳ್ಳುವುದನ್ನು ನಿಶ್ಶಸ್ತ್ರೀಕರಣದ ದಾರಿಯ ಒಂದು ಹಂತವಾಗಿ ಮಾತ್ರ ಒಪ್ಪಬಹುದು ಎಂದು 1982ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ವಿಶ್ವಸಂಸ್ಥೆಗೆ ತಿಳಿಸಿದ್ದರು. ಪೋಪ್ ಫ್ರಾನ್ಸಿಸ್ ಆ ವಿನಾಯಿತಿಯನ್ನೂ ಕೈಬಿಟ್ಟರು. ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅನೈತಿಕ ಎಂದು 2019ರ ನವೆಂಬರ್‌ನಲ್ಲಿ ಜಪಾನ್ ಭೇಟಿಯ ವೇಳೆ ಸ್ಪಷ್ಟವಾಗಿ ಹೇಳಿದರು. ಅಣ್ವಸ್ತ್ರ ನಿಷೇಧ ಒಪ್ಪಂದ 2017ರ ಸೆಪ್ಟೆಂಬರ್ 20ರಂದು ಸಹಿಗೆ ತೆರೆದುಕೊಂಡಾಗ ಅದೇ ದಿನ ಸಹಿ ಹಾಕಿ ಅನುಮೋದಿಸಿದ ಮೊದಲಿಗರಲ್ಲಿ ವ್ಯಾಟಿಕನ್ ಕೂಡ ಒಂದು. 2021ರ ಜನವರಿ 22ರಂದು ಒಪ್ಪಂದ ಜಾರಿಗೆ ಬಂತು.

ಭಾರತದ ಕಥೆ ಏನು?

ಭಾರತ ಇದಕ್ಕೆ ಸಹಿ ಹಾಕಿಲ್ಲ, ಮಾತುಕತೆಯಲ್ಲೂ ಪಾಲ್ಗೊಳ್ಳಲಿಲ್ಲ. ನಿಶ್ಶಸ್ತ್ರೀಕರಣ ಎಲ್ಲ ದೇಶಗಳಿಗೂ ಸಮಾನವಾಗಿ ಅನ್ವಯಿಸಬೇಕು, ಅದನ್ನು ಪರಿಶೀಲಿಸುವ ವ್ಯವಸ್ಥೆ ಇರಬೇಕು ಎಂಬುದು ನಮ್ಮ ಸರ್ಕಾರದ ವಾದ. ಮೊದಲು ನಾವಾಗಿಯೇ ಬಾಂಬ್ ಬಳಸುವುದಿಲ್ಲ ಎಂಬ ನೀತಿಯೂ ನಮ್ಮಲ್ಲಿದೆ. ಅಣ್ವಸ್ತ್ರ ಹೊಂದಿರುವ ಬೇರೆ ಯಾವ ದೇಶವೂ ಒಪ್ಪಂದ ಸೇರಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ನಮ್ಮಲ್ಲಿ ಅಣು ವಿರೋಧ ಎಂದರೆ ಹೆಚ್ಚಾಗಿ ವಿದ್ಯುತ್ ಸ್ಥಾವರಗಳ ವಿರೋಧ. ಕೈಗಾ ವಿರುದ್ಧ ಶಿವರಾಮ ಕಾರಂತರು ದನಿಯೆತ್ತಿದ್ದರು. ತಮಿಳುನಾಡಿನ ಕೂಡಂಕುಳಂ ಸ್ಥಾವರದ ವಿರುದ್ಧ 2011ರಲ್ಲಿ ಇಡಿಂತಕರೈ ಮೀನುಗಾರರು ತಮ್ಮೂರ ಚರ್ಚ್ ಎದುರೇ ಚಪ್ಪರ ಹಾಕಿ ಕುಳಿತರು. ಬಾಂಬ್ ಬೇರೆ, ವಿದ್ಯುತ್ ಬೇರೆ ಎನ್ನುವುದು ನಿಜ. ಆದರೂ ಬೀದಿಗಿಳಿಯುವ ಧೈರ್ಯ ಜನರಿಗೆ ಬಂದದ್ದು ವಿದ್ಯುತ್ ಸ್ಥಾವರದ ವಿಷಯದಲ್ಲಿ.

ಇನ್ನು ಪೋಪ್ ಹೇಳಿದ ಮಾತು ಇಲ್ಲಿನ ಕ್ಯಾಥೊಲಿಕರಿಗೆ ಕಾನೂನೇನೂ ಅಲ್ಲ. ಸೇನೆಯಲ್ಲಿರುವ ಅಥವಾ ರಕ್ಷಣಾ ಕಾರ್ಖಾನೆಯಲ್ಲಿ ದುಡಿಯುವ ಕ್ಯಾಥೊಲಿಕರು ಕೆಲಸ ಬಿಡಬೇಕೆಂದು ಚರ್ಚ್ ಎಲ್ಲೂ ಹೇಳಿಲ್ಲ.