ಕಟ್ಟು ಬಿದ್ದ ರಾತ್ರಿ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಕುಳಗೇರಿ ಕ್ರಾಸ್ ಎಂಬ ಕೂಡುದಾರಿಯುಂಟು. ಇಂಥ ಊರುಗಳಲ್ಲಿ ಕೈಕಾಲು ಮುರಿಯುವದಕ್ಕೆ ಕಾರಣಗಳು ಬೇಕಾದಷ್ಟು: ಮೋಟಾರ್ ಸೈಕಲ್ಲು, ಕಬ್ಬಿನ ಟ್ರ್ಯಾಕ್ಟರು, ಹುಡುಗರಿಗಾದರೆ ಹುಣಸೆಯ ಮರ. ಪೆಟ್ಟು ಬಿದ್ದವನನ್ನು ಬಾದಾಮಿಗೋ ಬಾಗಲಕೋಟೆಗೋ ಒಯ್ದು ಪ್ಲಾಸ್ಟರು ಹಾಕಿಸುವರು. ಇಲ್ಲವೆ ನಾಟಿ ವೈದ್ಯರಿಂದ ಬಿದಿರಿನ ದಬ್ಬೆ ಕಟ್ಟಿಸುವರು. ಕಟ್ಟು ಬಿತ್ತು, ಗಂಡಾಂತರ ಕಳೆಯಿತೆಂದು ಮನೆಯವರೆಲ್ಲ ನಿಶ್ಚಿಂತೆಯಿಂದ ಮಲಗುವರು. ಎಚ್ಚರವಿರಬೇಕಾದ ರಾತ್ರಿ ಅದೇ ಎಂದು ನಾವು ವಾಚಕರಿಗೆ ಹೇಳಬಯಸುವೆವು.

ಮುರಿದ ಅವಯವವು ಒಳಗೊಳಗೇ ಬಾತುಕೊಳ್ಳುವದು. ಕಟ್ಟು ಮಾತ್ರ ಹಿಗ್ಗದು. ಆಗ ಸಣ್ಣ ರಕ್ತನಾಳಗಳು ಅಮುಕಿಹೋಗಿ ಸ್ನಾಯುಗಳಿಗೂ ನರಗಳಿಗೂ ರಕ್ತವು ಮುಟ್ಟದಾಗುವದು. ಹೀಗೆ ನಾಲ್ಕಾರು ತಾಸು ಕಳೆದರೆ ಸ್ನಾಯುವು ಸಾಯತೊಡಗಿ, ಮುಂದೆ ಬೆರಳುಗಳು ಹಕ್ಕಿಯ ಉಗುರಿನಂತೆ ಮಡಿಚಿಕೊಂಡೇ ಉಳಿಯುವವು. ಬಿಗಿಗಟ್ಟಿನಿಂದಾಗುವ ಈ ಅಂಗವಿಕಲತೆಯನ್ನು ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್‌ರು 1881ರಲ್ಲಿಯೇ ವಿವರಿಸಿದ್ದರು. ಮೊಣಕೈಯ ತುಸು ಮೇಲೆ ಎಲುಬು ಮುರಿದ ಮಕ್ಕಳಿಗೆ ಈ ಭಯವು ವಿಶೇಷ. ನಾಟಿ ಕಟ್ಟಿನ ದೋಷವೊಂದೇ ಅಲ್ಲ. ಪ್ಲಾಸ್ಟರಿನಲ್ಲಿಯೂ, ಕಟ್ಟೇ ಇಲ್ಲದೆ ಬರಿಯ ಬಾವಿನಿಂದಲೂ ಹೀಗಾಗುವದುಂಟು.

ಆಸ್ಪತ್ರೆಯಲ್ಲಿ ದಾದಿಯು ಮೊದಲ ದಿನ ತಾಸಿಗೊಮ್ಮೆ ಬಂದು ಬೆರಳು ಮುಟ್ಟಿ ನೋಡುವದು ಇದಕ್ಕಾಗಿಯೇ. ಅವಳ ಕೆಲಸವನ್ನು ಮನೆಯ ತಾಯಿಯೂ ಮಾಡಬಲ್ಲಳು. ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ ಬಣ್ಣವು ಎರಡು ಸೆಕೆಂಡಿನೊಳಗಾಗಿ ಕೆಂಪಿಗೆ ತಿರುಗಬೇಕು. ಬೆರಳುಗಳು ಇನ್ನೊಂದು ಕೈಯ ಬೆರಳುಗಳಷ್ಟೇ ಬೆಚ್ಚಗಿರಬೇಕು. ಬಳಿಕ ಮಗುವಿಗೆ ಆಟವಾಡಿಸಿದಂತೆ, ಹೆಬ್ಬೆರಳನ್ನು ಮೇಲೆತ್ತು, ಅದನ್ನು ತೋರುಬೆರಳಿಗೆ ಕೂಡಿಸಿ ಉಂಗುರ ಮಾಡು, ಬೆರಳುಗಳನ್ನೆಲ್ಲ ಅಗಲಿಸು ಎನ್ನಬೇಕು. ಕೈಯ ಮೂರು ಮುಖ್ಯ ನರಗಳ ಪರೀಕ್ಷೆಯು ಈ ಮೂರು ಆಟಗಳಲ್ಲಿ ಆಗಿಹೋಗುವದು! ಕಣ್ಣು ಮುಚ್ಚಿಸಿ, ಮುಟ್ಟಿದ್ದು ಯಾವ ಬೆರಳೆಂದು ಕೇಳಬೇಕು. ಕಾಲಾದರೆ ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವಿನ ಸಂದಿಯನ್ನು ಮುಟ್ಟಿ ನೋಡುವದು.

ಆದರೆ ಎಲ್ಲಕ್ಕೂ ಮೊದಲು ಬರುವ ಸುಳಿವು ನೋವು. ಮಾತ್ರೆ ನುಂಗಿದರೂ ಏರುತ್ತಲೇ ಹೋಗುವ ನೋವು, ಮಡಿಚಿದ ಬೆರಳನ್ನು ನಾವು ಮೆಲ್ಲಗೆ ನೇರ ಮಾಡಿದರೆ ಚೀರುವಂಥ ನೋವು. “ಎಲಬು ಮುರದ್ರ ನೋಯದ ಇರತೈತೇನು, ಸುಮ್ಕ ಮಲಕೋ” ಎಂದು ಹಿರಿಯರು ಗದರಿಸುವದುಂಟು. ಆ ಗದರಿಕೆಯು ಕೈಗೇ ಮುಳುವಾದೀತು. ನಾಡಿ ಸಿಗುತ್ತಿದೆಯೆಂದು ಸಮಾಧಾನಪಡಲೂ ಕೂಡದು. ಅದು ತಪ್ಪುವದು ತೀರ ಕೊನೆಗೆ.

ಇಂಥ ನೋವು ಕಂಡರೆ ಬೆಳಗಿನ ಬಸ್ಸಿಗೆ ಕಾಯದೆ, ನೆರೆಯವರ ವಾಹನವನ್ನಾದರೂ ಬೇಡಿಕೊಂಡು ಆಗಲೇ ಆಸ್ಪತ್ರೆಗೆ ಹೊರಡತಕ್ಕದ್ದು. ಉಂಗುರ, ಬಳೆ, ಕಡಗಗಳನ್ನು ಮೊದಲೇ ತೆಗೆದಿಡಬೇಕು. ದಾರಿಯಲ್ಲಿ ಕೈಯನ್ನು ಎದೆಯ ಮಟ್ಟಕ್ಕೆ ಇಟ್ಟುಕೊಳ್ಳಬೇಕು; ಅದಕ್ಕಿಂತ ಎತ್ತರ ಬೇಡ, ರಕ್ತ ಏರುವದು ಇನ್ನಷ್ಟು ಕಷ್ಟವಾದೀತು. ನೋವು ಹೆಚ್ಚಿದ್ದು ಎಷ್ಟು ಗಂಟೆಗೆ, ಬೆರಳು ಜೋಮು ಹಿಡಿದದ್ದು ಎಷ್ಟು ಗಂಟೆಗೆ ಎಂದು ಒಂದು ಚೀಟಿಯಲ್ಲಿ ಬರೆದೊಯ್ದರೆ, ವೈದ್ಯರು ಮೊದಲು ಕೇಳುವ ಪ್ರಶ್ನೆಗೆ ಉತ್ತರವು ಸಿದ್ಧವಿರುವದು.