ಬಸ್ಸಿನ ಬೋರ್ಡಿನಲ್ಲಿ ವ್ಯಾಕರಣ



ಹತ್ತನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ನಾಲ್ಕು ಆಯ್ಕೆಗಳ ಪ್ರಶ್ನೆಗಳು ಎದುರಾಗುತ್ತವೆ. ಒಂದೊಂದಕ್ಕೆ ಒಂದೊಂದು ಅಂಕ. ಕೋವಿಡ್ ಕಾಲದಲ್ಲಿ, 2021ರ ಜುಲೈ 22ರಂದು, ಎಸ್.ಎಸ್.ಎಲ್.ಸಿ.ಯ ಭಾಷಾ ಪರೀಕ್ಷೆಗಳು ಪೂರ್ತಿಯಾಗಿ ಈ ಮಾದರಿಯಲ್ಲೇ, ಓ.ಎಂ.ಆರ್. ಹಾಳೆಯ ಮೇಲೆ ನಡೆದವು. ಇಲ್ಲಿ ವಿವರಣೆ ಬರೆದು ಅರ್ಧ ಅಂಕವನ್ನಾದರೂ ಗಿಟ್ಟಿಸುವಂತಿಲ್ಲ. ಗುರುತು ಹಾಕಿದ್ದು ಸರಿ, ಇಲ್ಲವೇ ತಪ್ಪು.

ಆದ್ದರಿಂದ ಮೊದಲು ನಾಲ್ಕು ಆಯ್ಕೆಗಳನ್ನು ಅಂಗೈಯಿಂದ ಮುಚ್ಚಿ. ಕೊಟ್ಟ ಪದವನ್ನು ಬಿಡಿಸಿ. ಬಿಡಿಸಿದ ಪದಗಳು ಕನ್ನಡದವೋ ಸಂಸ್ಕೃತದವೋ ಎಂದು ಕೇಳಿಕೊಳ್ಳಿ. ಆಮೇಲೆ ಕೈ ತೆಗೆಯಿರಿ. ಎಷ್ಟೋ ಜನ ಆಯ್ಕೆಗಳನ್ನು ನೋಡಿಯೇ ಮೋಸಹೋಗುತ್ತಾರೆ.

ಇದನ್ನು ಅಭ್ಯಾಸ ಮಾಡಲು ಗೈಡುಗಳೇ ಬೇಕೆಂದಿಲ್ಲ. ಚಾಮರಾಜನಗರದಲ್ಲಿ ಬಸ್ಸು ಹತ್ತಿ, ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗೋಣ ಬನ್ನಿ.

ಹೊರಡುವ ಮುನ್ನ ಚಾಮರಾಜೇಶ್ವರ ದೇವಾಲಯ. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯವರ ಹೆಸರಿನಲ್ಲಿ 1826ರಲ್ಲಿ ಕಟ್ಟಿಸಿದ್ದು. ‘ಚಾಮರಾಜೇಶ್ವರ’ ಯಾವ ಸಂಧಿ? ನಡುವೆ ಉದ್ದನೆಯ ‘ಜೇ’ ಕೇಳಿಸಿತೆಂದು ಸವರ್ಣದೀರ್ಘಕ್ಕೆ ಗುರುತು ಹಾಕುವವರಿದ್ದಾರೆ. ಬಿಡಿಸಿ: ಚಾಮರಾಜ + ಈಶ್ವರ. ಅಕಾರಕ್ಕೆ ಈಕಾರ ಸೇರಿದೆ, ಅವು ಸವರ್ಣಗಳಲ್ಲ. ಎರಡೂ ಹೋಗಿ ‘ಏ’ ಬಂದಿದೆ. ಇದು ಗುಣಸಂಧಿ.

ಬಸ್ಸು ಊರೂರು ದಾಟಿ ಹೋಗುತ್ತದೆ. ‘ಊರೂರು’ ಎಂಬಲ್ಲಿ ಉಕಾರದ ಮುಂದೆ ಊಕಾರ ಬಂದು ಊಕಾರವೇ ಉಳಿಯಿತಲ್ಲ, ಇದು ಸವರ್ಣದೀರ್ಘವಲ್ಲವೇ? ಅಲ್ಲ. ಊರು ಕನ್ನಡ ಪದ. ಮೊದಲ ಪದದ ಕೊನೆಯ ಉಕಾರ ಬಿಟ್ಟುಹೋಗಿದೆ, ಅಷ್ಟೇ. ಲೋಪಸಂಧಿ. ಪ್ರಶ್ನೆ ತೆಗೆಯುವವರಿಗೆ ಇಂಥ ಪದಗಳೆಂದರೆ ಪ್ರೀತಿ!

‘ಗುಂಡ್ಲುಪೇಟೆಯಲ್ಲಿ’ ಇಳಿದೆವು. ಪೇಟೆ + ಅಲ್ಲಿ, ನಡುವೆ ಯಕಾರ ಹೊಸದಾಗಿ ಬಂದಿದೆ, ಆಗಮಸಂಧಿ. ಆದರೆ ನಾವು ಮಾತಿನಲ್ಲಿ ಹೇಳುವುದು ‘ಗುಂಡ್ಲುಪೇಟೇಲಿ’ ಎಂದು. ಅದರಲ್ಲಿ ಯಕಾರ ಕೇಳಿಸುವುದೇ ಇಲ್ಲ. ಹಾಗಾಗಿ ಕಿವಿಯ ಮೇಲೆ ಮಾತ್ರ ಭರವಸೆ ಇಡಬೇಡಿ, ಪದವನ್ನು ಬರೆದು ನೋಡಿ.

ಅಲ್ಲಿಂದ ಹಿಮವದ್ಗೋಪಾಲಸ್ವಾಮಿ ಬೆಟ್ಟ. ಮಂಜು ಮುಸುಕುವ ಈ ಬೆಟ್ಟದ ಹೆಸರಿನಲ್ಲೇ ಹಿಮವಿದೆ. ಹಿಮವತ್ + ಗೋಪಾಲ ಸೇರಿ ‘ತ್’ ಹೋಗಿ ‘ದ್’ ಬಂದಿದೆ. ಇದರ ಪಕ್ಕಕ್ಕೆ ‘ಬೆಟ್ಟದಾವರೆ’ಯನ್ನು ಇಟ್ಟು ನೋಡಿ: ಬೆಟ್ಟ + ತಾವರೆ. ಇಲ್ಲಿಯೂ ತಕಾರ ಹೋಗಿ ದಕಾರ ಬಂದಿದೆ. ಹಾಗಾದರೆ ಎರಡಕ್ಕೂ ಒಂದೇ ಉತ್ತರವೇ? ಇಲ್ಲ. ಬೆಟ್ಟದಾವರೆಯಲ್ಲಿ ಬದಲಾದದ್ದು ಎರಡನೆಯ ಪದದ ಮೊದಲ ವ್ಯಂಜನ. ಅದು ಕನ್ನಡದ ಆದೇಶಸಂಧಿ. ಹಿಮವದ್ಗೋಪಾಲದಲ್ಲಿ ಬದಲಾದದ್ದು ಮೊದಲ ಪದದ ಕೊನೆಯ ವ್ಯಂಜನ. ಅದು ಸಂಸ್ಕೃತದ ಜಶ್ತ್ವಸಂಧಿ. ಯಾವ ಅಕ್ಷರ ಬದಲಾಯಿತು ಎಂಬುದರ ಜೊತೆಗೆ ಎಲ್ಲಿ ಬದಲಾಯಿತು ಎಂಬುದನ್ನೂ ನೋಡಿದವರಿಗೆ ಈ ಎರಡು ಅಂಕ ತಪ್ಪುವುದಿಲ್ಲ.

ಇನ್ನು ‘ಶುದ್ಧರೂಪ ಗುರುತಿಸಿ’ ಎಂಬ ಪ್ರಶ್ನೆಗಳು. ನಮ್ಮ ಸೀಮೆಯ ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲಿ. ಮನೆಯ ಮಾತಿನಲ್ಲಿ ಹಾಲು ‘ಆಲು’ ಆಗುತ್ತದೆ, ಹೋಗು ‘ಓಗು’ ಆಗುತ್ತದೆ. ಇದಕ್ಕೆ ನಾಚಬೇಕಾಗಿಲ್ಲ. ಈ ಭಾಗದ ಆಡುನುಡಿಯಲ್ಲೇ ದೇವನೂರ ಮಹಾದೇವ ಅವರು ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆದರೆ ಪರೀಕ್ಷೆ ಕೇಳುತ್ತಿರುವುದು ಗ್ರಂಥಸ್ಥ ರೂಪವನ್ನು. ಹಸು ಎಂದರೆ ದನ, ಅಸು ಎಂದರೆ ಪ್ರಾಣ. ಹಾಸನ ಒಂದು ಜಿಲ್ಲೆ, ಆಸನ ಕೂರುವ ಜಾಗ. ಹಕಾರ ಬಿಟ್ಟರೆ ಅರ್ಥವೇ ಬೇರೆ.

ಹಕಾರ ಬಿಡುವುದಕ್ಕಿಂತ ಕೆಟ್ಟದ್ದು, ಹೆದರಿ ಬೇಡದ ಕಡೆ ಹಕಾರ ಸೇರಿಸುವುದು. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಅರಿ ಎಂದರೆ ಶತ್ರು, ಕುಠಾರ ಎಂದರೆ ಕೊಡಲಿ. ‘ಅರಿಗಳಿಗೆ ಕುಠಾರ’ ಎಂದು ಬಿಡಿಸಿದರೆ ತತ್ಪುರುಷ ಸಮಾಸ. ಶುದ್ಧ ಮಾಡುವ ಭರದಲ್ಲಿ ‘ಹರಿಕುಠಾರ’ ಎಂದು ಬರೆದರೆ ಕೊಡಲಿ ಯಾರ ಮೇಲೆ ಬೀಳುತ್ತದೆ, ನೀವೇ ನೋಡಿ! ಹಾಗೆಯೇ ಮೊದಲಲ್ಲಿ ‘ಅರಿ’ ಇದೆ ಎಂದು ಅರಿಸಮಾಸಕ್ಕೆ ಗುರುತು ಹಾಕಬೇಡಿ. ಕನ್ನಡ ಪದವೂ ಸಂಸ್ಕೃತ ಪದವೂ ಕೂಡಿ ಆಗುವುದು ಅರಿಸಮಾಸ. ಇಲ್ಲಿ ಎರಡೂ ಸಂಸ್ಕೃತವೇ.

ಹಿಂದಿರುಗುವ ಬಸ್ಸಿನಲ್ಲಿ ನಿಮಗೆ ಒಂದು ಪದ: ‘ಮಳೆಗಾಲ’. ಆಯ್ಕೆಗಳನ್ನು ನಾನು ಕೊಡುವುದಿಲ್ಲ.