ನಿಮಗಿದು ಗೊತ್ತೇ? ಚಳಿಗೆ ಯಾವ ಕಟ್ಟಿಗೆ?

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ಗ್ಯಾಸ್ ಬಂದ ಮೇಲೂ ಹಂಡೆ ನೀರಿಗೆ, ಬೆಳಗಿನ ಚಳಿಗೆ ಅನೇಕ ಮನೆಗಳಲ್ಲಿ ಕಟ್ಟಿಗೆಯೇ ಆಸರೆ. ಕಾವು ಹೆಚ್ಚಿ ಹೊಗೆ ತಗ್ಗಲು ಇಷ್ಟು ತಿಳಿದಿರಲಿ.

● ಜಹೀರಾಬಾದ್ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಎತ್ತರದಲ್ಲಿದೆ. ತೆಲಂಗಾಣದಲ್ಲಿ ಚಳಿ ಬಹಳ ಕೊರೆಯುವ ಊರುಗಳಲ್ಲಿ ಪಕ್ಕದ ಕೋಹೀರ್ ಕೂಡ ಒಂದು.

● ತಾಂಡೂರು ತೊಗರಿಗೆ 2022ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಕಾಳು ಪೇಟೆಗೆ ಹೋದರೆ ಕಟ್ಟಿಗೆ ಹಿತ್ತಲಿಗೆ ಬರುತ್ತದೆ, ಅದೂ ಚಳಿಗಾಲದಲ್ಲೇ. ಒಣಗಿದ ತೊಗರಿಕಟ್ಟಿಗೆ ಥಟ್ಟನೆ ಹೊತ್ತಿ, ಜೋರಾಗಿ ಉರಿದು, ಬೇಗ ಆರುತ್ತದೆ. ಒಲೆ ಹೊತ್ತಿಸಲು, ರೊಟ್ಟಿ ಹಂಚು ಕಾಯಿಸಲು ಅದೇ ಸರಿ.

● ಒಣಗಿದ ಕಟ್ಟಿಗೆ ಯಾವ ಮರದ್ದಾದರೂ ಕಿಲೋಗೆ ಕೊಡುವ ಶಾಖ ಹೆಚ್ಚುಕಡಿಮೆ ಒಂದೇ. ಜಾಲಿ, ಹುಣಸೆಯಂಥ ಗಟ್ಟಿ ಮರದ ತುಂಡಿನಲ್ಲಿ ತೂಕ ಹೆಚ್ಚು, ಅದಕ್ಕೇ ಕೆಂಡ ಬಹಳ ಹೊತ್ತು ನಿಲ್ಲುತ್ತದೆ.

● ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಕುದಿಯುವ ಒಂದು ಕಿಲೋ ನೀರು ಆವಿಯಾಗಲು ಸುಮಾರು 540 ಕಿಲೋಕ್ಯಾಲರಿ ಬೇಕು. ಆ ಕಾವು ಹಂಡೆಗೆ ದಕ್ಕುವುದಿಲ್ಲ. ಹಸಿ ಕಟ್ಟಿಗೆಯನ್ನು ಕ್ವಿಂಟಲ್ ಲೆಕ್ಕದಲ್ಲಿ ಕೊಂಡರೆ ನೀರಿಗೂ ದುಡ್ಡು ತೆತ್ತಂತೆ.

● ತೇವಾಂಶ ಶೇ 20ಕ್ಕಿಂತ ಕೆಳಗಿಳಿದರೆ ಕಟ್ಟಿಗೆ ಒಲೆಗೆ ಸಿದ್ಧ. ಎರಡು ತುಂಡು ಬಡಿದು ನೋಡಿ: ಒಣಗಿದ್ದು ಠಣ್ ಎನ್ನುತ್ತದೆ, ಹಸಿಯದ್ದು ದಪ್ ಎನ್ನುತ್ತದೆ. ತುದಿಯ ಬಿರುಕು, ಕಳಚುವ ತೊಗಟೆಯೂ ಒಣಗಿದ ಗುರುತು.

● ತೊಗಟೆ ನೀರನ್ನು ಹಿಡಿದಿಡುತ್ತದೆ, ಸೀಳಿದರೆ ಬೇಗ ಒಣಗುತ್ತದೆ. ಬೇಸಿಗೆಯಲ್ಲೇ ಸೀಳಿ, ತಾಂಡೂರು ಪರಸಿ ಕಲ್ಲಿನ ಮೇಲೆ ಒಟ್ಟಿ. ಮೇಲೆ ಮುಚ್ಚಿ, ಪಕ್ಕಗಳಲ್ಲಿ ಗಾಳಿಯಾಡಲು ಬಿಡಿ.

● ಬಳ್ಳಾರಿ ಜಾಲಿಯ ತವರು ಅಮೆರಿಕ ಖಂಡ. 1870ರ ದಶಕದಲ್ಲಿ ಕಡಪ ಸೀಮೆಗೆ ಬಂತು. ಕಡಿದಷ್ಟೂ ಚಿಗುರಿ ಹೊಲ, ಕೆರೆಯಂಗಳ ನುಂಗುವ ಈ ಗಿಡವನ್ನೇ ಮೊದಲು ಉರಿಸಿ. ನೆರಳು ಕೊಡುವ ಬೇವು, ಹುಣಸೆ ಉಳಿಯಲಿ.

● ಕುಳ್ಳು ನಿಧಾನವಾಗಿ ಉರಿಯುತ್ತದೆ. ಆದರೆ ಕಟ್ಟಿಗೆಗಿಂತ ಶಾಖ ಕಡಿಮೆ, ಬೂದಿ ಹೆಚ್ಚು. ಸಗಣಿ ಗೊಬ್ಬರವಾಗಿ ಹೊಲ ಸೇರಿದರೆ ನೆಲಕ್ಕೆ ಬಲ.

● ಹೊಗೆಯೆಂದರೆ ಪೂರ್ತಿ ಉರಿಯದೆ ಹೋದ ಕಟ್ಟಿಗೆ. ಕಾದ ಮರದ ಮುಕ್ಕಾಲು ಭಾಗದಷ್ಟು ಮೊದಲು ಅನಿಲವಾಗಿ ಹೊರಬಂದು ಉರಿಯುತ್ತದೆ. ಒಲೆ ತುಂಬ ತುರುಕಿದರೆ ಗಾಳಿ ಸಾಲದೆ ಅದು ಹೊಗೆಯಾಗುತ್ತದೆ. ಸಣ್ಣದಾಗಿ ಸೀಳಿ, ಸ್ವಲ್ಪಸ್ವಲ್ಪವೇ ಹಾಕಿ.

● ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ವಾಯುಮಾಲಿನ್ಯ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನರ ಜೀವ ತೆಗೆಯಿತು. ಒಲೆಯ ಮುಂದೆ ಹೆಚ್ಚು ಹೊತ್ತು ಕೂರುವವರು ಹೆಂಗಸರು, ಅವರ ಮಡಿಲಲ್ಲಿ ಮಕ್ಕಳು.

● ಅದಕ್ಕೊಂದು ಪರಿಹಾರ ಕನ್ನಡ ನೆಲದಲ್ಲೇ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಘಟಕ, ಹೊಗೆಕೊಳವೆಯಿರುವ ‘ಅಸ್ತ್ರ ಒಲೆ’ ರೂಪಿಸಿತು. ಒಂದೇ ಉರಿಗೆ ಮೂರು ಪಾತ್ರೆ ಕಾಯುತ್ತವೆ, ಹೊಗೆ ಮನೆಯಿಂದಾಚೆ ಹೋಗುತ್ತದೆ.

● ಕಣಗಿಲೆಯ ಹೊಗೆ ವಿಷ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್ ಕೂಡ ಒಲೆಗೆ ಬೇಡ. ಬಿದಿರಿನ ಗೆಣ್ಣು ಕಾದರೆ ಸಿಡಿಯುತ್ತದೆ, ಸೀಳಿಯೇ ಹಾಕಿ.

● ಕೆಂಡದ ಬುಟ್ಟಿಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಲೇಬೇಡಿ. ಅದರಿಂದೇಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಬೆಂಕಿ ಕಾಯಿಸಿದ್ದಾದ ಮೇಲೆ ಕೆಂಡವನ್ನು ಹೊರಗಿಟ್ಟು, ಕಂಬಳಿ ಹೊದ್ದು ಮಲಗಿ.